ಕತ್ತಿ ಮಸೆದ ಕೈಯಲ್ಲಿ ತಂಬೂರಿ

ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಮಿರಜ ಅಂದರೆ ದೊಡ್ಡ ಆಸ್ಪತ್ರೆ, ಇಲ್ಲವೇ ರೈಲು ಬದಲಿಸುವ ಜಂಕ್ಷನ್. ಹಾಡುವವರಿಗೆ ಮಾತ್ರ ಅದು ತಂಬೂರಿಯ ಊರು. ಹಿಂದೂಸ್ತಾನಿ ಕಛೇರಿಗಳಲ್ಲಿ ಗಾಯಕರ ಬೆನ್ನ ಹಿಂದೆ ಎದ್ದು ನಿಲ್ಲುವ ಜೋಡಿ ತಂಬೂರಿಗಳನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿ ನೋಡಿ, ಮಿರಜಿನ ಹೆಸರು ಬಾರದೆ ಇರುವುದು ಕಷ್ಟ. ಊರಿಗೆ ಈ ಹೆಸರು ತಂದವರು, ಕೈಯಲ್ಲಿದ್ದ ಕೆಲಸ ತಪ್ಪಿಹೋದ ಒಬ್ಬ ಶಿಕಲಗಾರ. ಹೆಸರು ಫರೀದ್‌ಸಾಹೇಬ.

ಡಿಗ್ರಿ ಮುಗಿಸಿ, ಮುಂದಿನ ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೋ ಎಂದು ಮೊಬೈಲ್ ತಿಕ್ಕುತ್ತ ಕೂತಿರುವ ಹುಡುಗ ಹುಡುಗಿಯರಿಗೆ ಇವರ ಪರಿಚಯ ಆಗಬೇಕು.

ಶಿಕಲಗಾರರು ಅಂದರೆ ಆಯುಧಗಳಿಗೆ ಸಾಣೆ ಹಿಡಿಯುವವರು. ಮಿರಜ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು, ಮರಾಠರ ಪಾಲಾಯಿತು, ಆಮೇಲೆ ಪಟವರ್ಧನರ ಸಂಸ್ಥಾನವಾಯಿತು. ಯಾರು ಆಳಿದರೂ ಕತ್ತಿ ಬೇಕಿತ್ತು, ಕತ್ತಿಗೆ ಸಾಣೆಯೂ ಬೇಕಿತ್ತು. ಬ್ರಿಟಿಷರ ಹಿಡಿತ ಬಿಗಿಯಾದ ಮೇಲೆ ಕತ್ತಿಗಳು ಗೋಡೆಯ ಮೊಳೆಗೆ ನೇತುಬಿದ್ದವು. ಅದು 19ನೇ ಶತಮಾನದ ನಡುಭಾಗ. ಅಜ್ಜ, ಮುತ್ತಜ್ಜರಿಂದ ಬಂದ ಕಸುಬು ಕಣ್ಣೆದುರೇ ನಿಂತುಹೋಯಿತು. ಮರುತರಬೇತಿ ಕೇಂದ್ರ ಇರಲಿಲ್ಲ, ಸಾಲಮೇಳ ಇರಲಿಲ್ಲ. ದರಬಾರಿನಲ್ಲಿ ಹಾಡಲು ಬರುತ್ತಿದ್ದ ಗವಾಯಿಗಳ ಮುರಿದ ವಾದ್ಯಗಳನ್ನು ಫರೀದ್‌ಸಾಹೇಬರು ರಿಪೇರಿಗೆ ತೆಗೆದುಕೊಂಡರಂತೆ. ರಿಪೇರಿ ಮಾಡುತ್ತ ಮಾಡುತ್ತ ಹೊಸದನ್ನೇ ಮಾಡತೊಡಗಿದರು ಎಂದು ಮಿರಜಿನವರು ಹೇಳುತ್ತಾರೆ.

ಒಂದು ಸಾಲಿನಲ್ಲಿ ಹೇಳಿಬಿಟ್ಟೆ, ಆದರೆ ಈ ಕೆಲಸದ ಒಳಗೆ ಇಣುಕಿದರೆ ಎದೆ ಝಲ್ ಎನ್ನುತ್ತದೆ. ಬುರುಡೆಗೆ ಬೇಕಾದ ಕಹಿ ಸೋರೆ ಭೀಮಾ ತೀರದ ಪಂಢರಪುರದ ಸುತ್ತಿನ ಹೊಲಗಳಿಂದ ಬರುತ್ತದೆ. ಒಣಗಿದ ಸೋರೆಯನ್ನು ನೀರಿನಲ್ಲಿ ನೆನೆಹಾಕಿ, ಬಾಯಿ ಕೊಯ್ದು, ಒಳಗಿನ ತಿರುಳು ಬೀಜ ಕೆರೆದು, ಆಕಾರ ಕೆಡದಂತೆ ಒಳಗೆ ಕಡ್ಡಿ ಆನಿಸಿ ಮತ್ತೆ ಒಣಗಿಸಬೇಕು. ಟೊಳ್ಳು ದಂಡಿ ಕೂಡಿಸಬೇಕು, ಮೇಲ್ಹಲಗೆ, ಬಿರಡೆ, ಬುರುಡೆಯ ಮೇಲಿನ ಎಲೆಯ ಕೆತ್ತನೆ, ಅರಗಿನ ಪಾಲಿಶ್. ಇಷ್ಟೆಲ್ಲ ಆದರೂ ಅದು ಇನ್ನೂ ಮರದ ಸಾಮಾನೇ.

ಆಮೇಲೆ ಬರುವುದು ಜವಾರಿ. ತಂತಿ ಹಾಯುವ ಕುದುರೆಯ ಮೇಲ್ಮೈ ನೋಡಲು ಸಪಾಟಾಗಿರುತ್ತದೆ. ಬೆರಳು ಸವರಿದರೆ ಮಾತ್ರ ಸಣ್ಣ ಇಳಿಜಾರು ತಿಳಿಯುತ್ತದೆ. ಮಿಡಿದ ತಂತಿ ಆ ಇಳಿಜಾರನ್ನು ತಾಕಿಯೂ ತಾಕದಂತೆ ಸವರಿಕೊಂಡು ನಡುಗಬೇಕು. ಹಾಗಾದಾಗಲೇ ತಂಬೂರಿಗೆ ಆ ಝೇಂಕಾರ. ಅರದಿಂದ ಒಂದೆಳೆ ಉಜ್ಜಬೇಕು, ತಂತಿ ಕಟ್ಟಿ ಕೇಳಬೇಕು, ಬಿಚ್ಚಬೇಕು, ಮತ್ತೆ ಉಜ್ಜಬೇಕು. ಕೂದಲೆಳೆ ಹೆಚ್ಚಾದರೆ ಧ್ವನಿ ಮುಚ್ಚಿಹೋಗುತ್ತದೆ. ಕೊನೆಗೆ ತಂತಿಯ ಕೆಳಗೆ ಹತ್ತಿಯ ದಾರ ತೂರಿಸಿ, ಅದನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಸ್ವರ ಬಿಚ್ಚಿಕೊಳ್ಳುತ್ತದೆ. ಆ ಜಾಗ ಯಾವ ಅಳತೆಪಟ್ಟಿಗೂ ಸಿಗುವುದಿಲ್ಲ, ಕಿವಿಗೇ ಸಿಗಬೇಕು.

ಅಲಗಿನ ಮೇಲೆ ಎಷ್ಟು ಒತ್ತಿದರೆ ಎಷ್ಟು ಲೋಹ ಹೋಗುತ್ತದೆ ಎಂಬುದು ಫರೀದ್‌ಸಾಹೇಬರ ಬೆರಳಿಗೆ ಮೊದಲೇ ಗೊತ್ತಿತ್ತು. ನನ್ನ ಎಣಿಕೆಯಲ್ಲಿ ಅವರ ಆಸ್ತಿ ಅದೇ. ಕತ್ತಿ ಹೋಯಿತು, ಕೈ ಉಳಿಯಿತು. ಹೊಸದಾಗಿ ಕಲಿಯಬೇಕಾದದ್ದು ಕೇಳುವುದನ್ನು. ಸಾಣೆಯ ಸದ್ದಿನಲ್ಲೇ ಬೆಳೆದವರು ಷಡ್ಜದ ಹದಕ್ಕೆ ಕಿವಿ ಪಳಗಿಸಿದರು. ನಡುವಯಸ್ಸಿಗೆ ಮೊದಲೇ ‘ಇನ್ನು ನನ್ನಿಂದಾಗದು’ ಎನ್ನುವ ನಮಗೆ ಇದು ಸ್ವಲ್ಪ ಚುಚ್ಚಲಿ.

ಮುಂದಿನದು ನಮ್ಮ ಮನೆಯ ಕತೆ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಗಾಯಕ ಅಬ್ದುಲ್ ಕರೀಂ ಖಾನ್ ಕೊನೆಗೆ ಬಂದು ನೆಲೆಸಿದ್ದು ಮಿರಜಿನಲ್ಲಿ. ಅಷ್ಟು ದೊಡ್ಡ ಉಸ್ತಾದರು ವಾದ್ಯ ರಿಪೇರಿಯನ್ನು ತಾವೇ ಬಲ್ಲವರಾಗಿದ್ದರು. ಅದನ್ನು ಕೀಳು ಕೆಲಸ ಎಂದುಕೊಂಡಿರಲಿಲ್ಲ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ದರ್ಗಾದ ಆವರಣದಲ್ಲೇ ಇದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೊಂದು ಸ್ವರವನ್ನು ಹಿಗ್ಗಿಸಿ ಹಾಡುವ ಈ ಕಿರಾಣಾ ಘರಾಣೆಯ ಮಂದಿಗೆ ಶ್ರುತಿಗೂಡಿದ ತಂಬೂರಿ ಇಲ್ಲದೆ ಒಂದು ಹೆಜ್ಜೆಯೂ ಇಲ್ಲ. ಗಾಯಕರ ಹೆಸರಿನ ರಸ್ತೆಗಳಿವೆ, ಪ್ರಶಸ್ತಿಗಳಿವೆ. ತಂಬೂರಿ ಮಾಡಿದವರ ಹೆಸರು ಕಛೇರಿಯ ಕರಪತ್ರದಲ್ಲಿ ನೀವು ಎಂದಾದರೂ ಓದಿದ್ದೀರಾ?

ಫರೀದ್‌ಸಾಹೇಬರ ವಂಶದವರ ಅಡ್ಡಹೆಸರು ಇವತ್ತು ‘ಸಿತಾರ್‌ಮೇಕರ್’. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹಾಗೆಂದು ಅಲ್ಲಿ ಹೊನ್ನಿನ ಮಳೆ ಸುರಿಯುತ್ತಿದೆ ಎಂದು ಸುಳ್ಳು ಹೇಳಲಾರೆ. ಮೊಬೈಲಿನಲ್ಲೇ ತಂಬೂರಿ ನುಡಿಯುವ ಕಾಲ ಇದು. ಹಟ ಹಿಡಿದ ಮನೆಗಳು ಅದರ ನಡುವೆಯೂ ಕೆಲಸ ಮಾಡುತ್ತಿವೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ನಾನು ಬೈಯುವುದೂ ಇಲ್ಲ. ಫರೀದ್‌ಸಾಹೇಬರು ಈಗ ಇದ್ದಿದ್ದರೆ ಮೊದಲು ಅದರ ಸ್ಕ್ರೂ ಬಿಚ್ಚಿ ಒಳಗೆ ಏನಿದೆ ನೋಡುತ್ತಿದ್ದರು.

ನಿಮ್ಮ ಕಾಲದಲ್ಲೂ ಕಸುಬುಗಳು ನೇತುಬೀಳುತ್ತವೆ, ನೀವು ಓದಿದ ಕೋರ್ಸಿಗೂ ಆ ಗತಿ ಬರಬಹುದು. ಹೆದರಿ ಕೂರಬೇಡಿ. ಯಾವುದಾದರೂ ಒಂದು ಕೆಲಸ ನಿಮ್ಮ ಬೆರಳಿಗೆ ಇಳಿಯುವವರೆಗೆ ಅದರ ಬೆನ್ನು ಬೀಳಿ. ಬೀದರಿನ ಬಿದ್ರಿ, ಚನ್ನಪಟ್ಟಣದ ಅರಗಿನ ಗೊಂಬೆ, ಇಳಕಲ್ಲಿನ ಮಗ್ಗ ಸಿಕ್ಕರೆ ಸರಿ. ಸಿಗದಿದ್ದರೆ ನಿಮ್ಮದೇ ಊರಿನ ಬಸ್‌ಸ್ಟ್ಯಾಂಡ್ ಪಕ್ಕ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿ ಇದ್ದೇ ಇರುತ್ತದೆ. ಸುತ್ತು ಲೆಕ್ಕ ತಪ್ಪದಂತೆ ಬಾಯಲ್ಲಿ ಎಣಿಸುತ್ತ ಕೂತ ಆ ಮೇಸ್ತ್ರಿಯೂ ಫರೀದ್‌ಸಾಹೇಬರ ಜಾತಿಯವರೇ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಲ್ಲಿ. ‘ಕಾಕಾ, ಕಲಿಸ್ತೀರೇನು?’ ಎಂದು ಕೇಳಿ. ಮೊದಲ ದಿನ ಕೈಗೆ ಪೊರಕೆ ಕೊಟ್ಟರೆ ಗುಡಿಸಿ, ಗುಡಿಸುತ್ತ ಅವರ ಕೈ ನೋಡುತ್ತಿರಿ.