ಮಳೆ ಬೆನ್ನಿಗಿರಲಿ

ಮಳೆಗಾಲದಲ್ಲಿ ಬೆಟ್ಟ ಹತ್ತುವವರು ಎರಡು ಬಗೆ ಎಂದು ಕಿಗ್ಗದ ಹಿರಿಯರೊಬ್ಬರು ನನಗೆ ಹೇಳಿದ್ದರು: ದನ ಕಳೆದುಕೊಂಡವರು ಮತ್ತು ಬುದ್ಧಿ ಕಳೆದುಕೊಂಡವರು. ನಾನು ಎಂದೂ ದನ ಸಾಕಿದವನಲ್ಲ.

1979ರ ಸೆಪ್ಟೆಂಬರ್ ಮೊದಲ ವಾರದ ಮಾತು. ಆಗ ನನಗೆ ಇಪ್ಪತ್ತಾರು ವರ್ಷ. ಬಯಲುಸೀಮೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟರಾಗಿದ್ದೆ. ನಮ್ಮ ಸೀಮೆಯಲ್ಲಿ ಮಳೆ ಅಪರೂಪದ ನೆಂಟ. ಬಂದರೆ ಬಾಗಿಲಿಗೆ ಓಡಿಹೋಗಿ ನೋಡುತ್ತೇವೆ, ಬರದಿದ್ದರೆ ಕೇಳುವಂತಿಲ್ಲ. ಆದರೆ ನಾನು ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಪುಸ್ತಕವನ್ನು ನಾಲ್ಕಾರು ಸಲ ಓದಿದ್ದವನು. ಮಲೆನಾಡಿನ ಮಳೆ ನನಗೆ ಗೊತ್ತು ಎಂಬ ಧೈರ್ಯ ಅದರಿಂದ ಹುಟ್ಟಿತ್ತು. ಅದು ಪುಸ್ತಕದ ತಪ್ಪಲ್ಲ.

ಕಿಗ್ಗ ಶೃಂಗೇರಿಗೆ ಸಮೀಪದ ಊರು. ಅಲ್ಲಿರುವುದು ಋಷ್ಯಶೃಂಗನ ದೇವಾಲಯ. ಬರಗಾಲ ಬಿದ್ದಿದ್ದ ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತರಿಸಿದ ಆ ಮುನಿಯ ಕಥೆಯನ್ನು ಕೇಳುಗರೆಲ್ಲ ಬಲ್ಲಿರಿ. ಮಳೆ ಬರಲೆಂದು ಈ ಗುಡಿಯಲ್ಲಿ ಹರಕೆ ಹೊರುವುದು ಸರಿಯೇ. ಮಳೆ ನಿಲ್ಲಲೆಂದೂ ಇಲ್ಲಿಯೇ ಬೇಡಿಕೊಳ್ಳುತ್ತಾರೆಂಬುದು ನನಗೆ ಹೊಸತು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂಥ ಕಡೆ ದೇವರಿಗೆ ಎರಡೂ ಕೆಲಸ ಇರಲೇಬೇಕು.

ಊರಿನ ಪಡುವಣಕ್ಕೆ ನರಸಿಂಹಪರ್ವತ. ಎತ್ತರ 1,100 ಮೀಟರಿಗೆ ಮೇಲೆ. ಅಂಕೆಯಲ್ಲಿ ನೋಡಿದರೆ ದೊಡ್ಡ ಬೆಟ್ಟವಲ್ಲ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇದಕ್ಕಿಂತ ಬಹಳ ಎತ್ತರ. ಆದರೆ ನರಸಿಂಹಪರ್ವತ ನಿಂತಿರುವುದು ಘಟ್ಟದ ಅಂಚಿನಲ್ಲಿ. ಅದರ ಮೂಡಣ ಮೈಯ ಮೇಲೆ ಬಿದ್ದ ಹನಿ ತುಂಗೆಯನ್ನು ಸೇರಿ, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಮುಂದೆ ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಮೈಯ ಹನಿಯದು ಸೀತಾನದಿಯ ದಾರಿ. ಅರಬ್ಬೀ ಸಮುದ್ರಕ್ಕೆ ಅದು ಬಲು ಬೇಗ ಸೇರುತ್ತದೆ. ಒಂದು ನೀರಿಗೆ ನೂರಾರು ಮೈಲಿಗಳ ನಿಧಾನದ ಇಳಿತ. ಇನ್ನೊಂದಕ್ಕೆ ಅದೇ ಇಳಿತವನ್ನು ಕೆಲವೇ ಮೈಲಿಗಳಲ್ಲಿ ಮುಗಿಸುವ ಆತುರ. ಸೀತೆ ಬರ್ಕಣದಲ್ಲಿ ಸುಮಾರು 850 ಅಡಿ ಧುಮುಕುವುದು ಈ ಆತುರದಿಂದಲೇ. ಇದನ್ನೆಲ್ಲ ನಾನು ಭೂಪಟದಲ್ಲಿ ನೋಡಿ ತಿಳಿದಿದ್ದೆ. ತಿಳಿದದ್ದು ಬೇಕಾದ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ.

ಸ್ನೇಹಿತನಿಗೆ ಜ್ವರ ಬಂದಿತ್ತು. ಅವನ ದೊಡ್ಡಪ್ಪ ನನ್ನ ಜೊತೆಗೆ ಹೊರಟರು. ಊರವರಂತೆ ನಾನೂ ಅವರನ್ನು ಗೌಡರೇ ಎಂದೇ ಕರೆಯುತ್ತಿದ್ದೆ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ತಲೆಯ ಮೇಲೆ ಕಂಬಳಿಕೊಪ್ಪೆ, ಸೊಂಟದಲ್ಲಿ ಕತ್ತಿ, ಬರಿಗಾಲು. "ಹುಬ್ಬೆ ಮಳೆ ಮೇಷ್ಟ್ರೇ, ನಂಬೋ ಹಂಗಿಲ್ಲ" ಎಂದರು. ನಾನು ಹೋಗಲೇಬೇಕೆಂದೆ. ಅವರು ಮರುಮಾತಾಡದೆ ಎದ್ದರು. ಶಾಲೆಯ ಮೆಟ್ಟಿಲು ಹತ್ತದವರು ಮೇಷ್ಟರ ಮಾತಿಗೆ ಆಗ ಕೊಡುತ್ತಿದ್ದ ಬೆಲೆ ಈಗ ನೆನೆದರೆ ಭಯವಾಗುತ್ತದೆ.

ಬೇಸಗೆಯ ಕಾಲುದಾರಿ ಒಂದಿತ್ತು. ಅದು ಹಳ್ಳವೊಂದನ್ನು ದಾಟುವಲ್ಲಿ ಸಂಕ ಕೊಚ್ಚಿಹೋಗಿತ್ತು. ಕೆಂಪು ನೀರು ಎದೆಮಟ್ಟ ಹರಿಯುತ್ತಿತ್ತು. ಗೌಡರು ಬಲಕ್ಕೆ ತಿರುಗಿ ಕಾಡು ಹೊಕ್ಕರು. ಅಲ್ಲಿಂದ ಮುಂದೆ ದಾರಿಯೆಂಬುದು ಅವರ ಕತ್ತಿ ತೆರೆದಷ್ಟೇ. ವಾಟೆಯ ಹಿಂಡಲನ್ನು ಬಗ್ಗಿಸಿ, ಬೆತ್ತದ ಮುಳ್ಳನ್ನು ತಪ್ಪಿಸಿ, ಕೊಳೆತ ಮರದ ಮೇಲೆ ಜಾರಿ, ಬೇರು ಹಿಡಿದು ಎದ್ದು ಎರಡು ಗಂಟೆ ನಡೆದೆವು. ಹತ್ತಿದ್ದು ಎಷ್ಟೆಂದು ಕೇಳಿದರೆ, ಕೆಳಗಿನ ಮನೆಯ ನಾಯಿ ಬೊಗಳಿದ್ದು ಇನ್ನೂ ಕೇಳಿಸುತ್ತಿತ್ತು.

ಇಂಬಳಗಳ ವಿಷಯ ಹೇಳದೆ ಮಳೆಗಾಲದ ಮಲೆನಾಡಿನ ವರ್ಣನೆ ಪೂರ್ಣವಾಗದು. ಒದ್ದೆ ತರಗಿನ ಮೇಲೆ ಹಿಂಬದಿಯನ್ನು ಊರಿ, ಮೈಯನ್ನು ಗಾಳಿಯಲ್ಲಿ ಆಡಿಸುತ್ತ ನಮ್ಮನ್ನೇ ಕಾಯುವ ಆ ಜೀವಿಗಳಿಗೆ ಇರುವ ತಾಳ್ಮೆ ಯಾವ ತಪಸ್ವಿಗೂ ಇಲ್ಲ. ಗೌಡರು ಹೊಗೆಸೊಪ್ಪು, ಸುಣ್ಣ ಬೆರೆಸಿದ ಎಣ್ಣೆಯನ್ನು ನನ್ನ ಕಾಲಿಗೆ ಹಚ್ಚಿದ್ದರು. ಮಳೆ ಅದನ್ನು ಮೊದಲ ಅರ್ಧ ಗಂಟೆಯಲ್ಲೇ ತೊಳೆದುಹಾಕಿತು. ಕಚ್ಚಿದ್ದು ತಿಳಿಯುವುದಿಲ್ಲ. ಇಂಬಳದ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ವಸ್ತುವೊಂದಿದೆ. ಆದ್ದರಿಂದ ಅದು ಉಂಡು ಬಿದ್ದುಹೋದ ಮೇಲೂ ಗಾಯ ಜಿನುಗುತ್ತಲೇ ಇರುತ್ತದೆ. ನನ್ನ ಬಿಳಿಯ ಪಂಚೆ ಮಧ್ಯಾಹ್ನದ ಹೊತ್ತಿಗೆ ಬಿಳಿಯದಾಗಿ ಉಳಿದಿರಲಿಲ್ಲ.

ಕಾಡು ತಟಕ್ಕನೆ ಮುಗಿದು ಹುಲ್ಲು ಬಂತು. ಈ ಬೆಟ್ಟಗಳ ರೀತಿಯೇ ಹಾಗೆ. ಗಾಳಿ ತಾಕದ ಮಡಿಲುಗಳಲ್ಲಿ ಮರ, ಗಾಳಿಗೆ ಮೈಯೊಡ್ಡಿದ ನೆತ್ತಿಯಲ್ಲಿ ಬರೀ ಹುಲ್ಲು. ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ. ಪಡುವಣದಿಂದ ಅಡ್ಡಡ್ಡ ಬರುತ್ತದೆ. ತಲೆ ಬಗ್ಗಿಸಿಕೊಂಡು, ಹೆಜ್ಜೆಗೊಮ್ಮೆ ಕನ್ನಡಕ ಒರೆಸಿಕೊಂಡು ಹತ್ತಿದೆ. ಕೊನೆಗೆ ಗೌಡರು ಒಂದು ಕಡೆ ನಿಂತು, "ಇದೇ" ಎಂದರು. ತಿಳಿಯಾದ ದಿನ ಅಲ್ಲಿಂದ ಎಂಥ ನೋಟ ಕಾಣುತ್ತದೆಂದು ಊರಿನಲ್ಲಿ ಎಲ್ಲರೂ ನನಗೆ ವರ್ಣಿಸಿದ್ದರು. ನನಗೆ ಕಂಡದ್ದು ಗೌಡರು, ಅವರ ಕಂಬಳಿ, ಹತ್ತು ಮಾರು ಹುಲ್ಲು. ಅದರಾಚೆ ಲೋಕವೇ ಇರಲಿಲ್ಲ.

ಗಾಳಿ ತಪ್ಪಿಸಿಕೊಳ್ಳಲು ನೆತ್ತಿಯ ಕೆಳಗಿನ ಕಾಡಿನ ಮಡಿಲೊಂದಕ್ಕೆ ಇಳಿದು, ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಅಕ್ಕಿರೊಟ್ಟಿ ತಿಂದೆವು. ಎದ್ದಾಗ ಮಂಜು ಮರಗಳ ಒಳಕ್ಕೂ ಬಂದಿತ್ತು. ಬಂದ ದಿಕ್ಕು ಯಾವುದೆಂದು ನನಗೆ ತಿಳಿಯಲಿಲ್ಲ. ಗೌಡರು ಕತ್ತಿಯ ಕಚ್ಚುಗಳನ್ನು ಹುಡುಕುತ್ತ ಅತ್ತಿತ್ತ ಸುಳಿದಾಡಿದರು, ಸಿಗಲಿಲ್ಲ. ಅಷ್ಟರಲ್ಲಿ ನನ್ನ ಕಾಲಬುಡದಲ್ಲಿ ಬೆರಳುಗಾತ್ರದ ನೀರೊಂದು ಹರಿಯುತ್ತಿರುವುದನ್ನು ಕಂಡೆ. ಹುಡುಗನಾಗಿದ್ದಾಗ ಸ್ಕೌಟ್ ಪುಸ್ತಕವೊಂದರಲ್ಲಿ ಓದಿದ್ದೆ: ದಾರಿ ತಪ್ಪಿದವನು ನೀರಿನ ಜಾಡು ಹಿಡಿಯಬೇಕು, ನೀರು ಊರಿಗೆ ಮುಟ್ಟಿಸುತ್ತದೆ. ಇದನ್ನು ನಾನು ಗೌಡರಿಗೆ ತರಗತಿಯ ದನಿಯಲ್ಲಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೀರನ್ನು ನೋಡಿ, ನನ್ನನ್ನು ನೋಡಿ, "ಎಲ್ಲಾ ನೀರೂ ಅಲ್ಲ" ಎಂದರು. ನಾನು ಆಗಲೇ ಹೊರಟಿದ್ದೆ.

ನೀರು ನೋಡನೋಡುತ್ತ ಹಳ್ಳವಾಯಿತು. ಅಕ್ಕಪಕ್ಕದ ಪೊದೆಗಳನ್ನು ಹಿಡಿದು ಬಂಡೆಯಿಂದ ಬಂಡೆಗೆ ಇಳಿದೆವು. ಮರಗಳ ಮರೆ ತಪ್ಪಿದಲ್ಲೆಲ್ಲ ಮಳೆ ಮುಖಕ್ಕೆ ರಾಚುತ್ತಿತ್ತು. ಹಿಂದಿನಿಂದ ಗೌಡರು ಒಮ್ಮೆ ಹೇಳಿದರು: "ಮೇಷ್ಟ್ರೇ, ಮಳೆ ಮುಖಕ್ಕೆ ಹೊಡೀತದಲ್ಲ." ವಯಸ್ಸಾದವರು, ದಣಿದು ದೂರುತ್ತಿದ್ದಾರೆಂದು ತಿಳಿದೆ. "ತಲೆ ಬಗ್ಗಿಸಿ ನಡೆಯಿರಿ ಗೌಡರೇ, ಇನ್ನು ಸ್ವಲ್ಪ ದೂರ" ಎಂದೆ. ಈ ಒಂದು ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಎಂದು ಎಷ್ಟೋ ರಾತ್ರಿ ಅಂದುಕೊಂಡಿದ್ದೇನೆ.

ಅರ್ಧ ಗಂಟೆಯ ಮೇಲೆ ಹಳ್ಳದ ಸದ್ದು ಬದಲಾಯಿತು. ಹಿಂದೆ ಮೊರೆತವಿತ್ತು, ಪಕ್ಕದಲ್ಲಿ ಮೊರೆತವಿತ್ತು. ಮುಂದೆ ಮಾತ್ರ ಇರಲಿಲ್ಲ. ನೀರು ಎರಡು ಬಂಡೆಗಳ ನಡುವೆ ನುಣ್ಣಗೆ ಬಾಗಿ ಹೋಗುತ್ತಿತ್ತು, ಎಲ್ಲಿಗೆಂದು ಕಾಣುತ್ತಿರಲಿಲ್ಲ. ಬಂಡೆಯ ಮೇಲೆ ಕಾಲಿಟ್ಟು ಬಗ್ಗಿದೆ. ಆ ಗಳಿಗೆಯಲ್ಲಿ ಗಾಳಿ ಮಂಜನ್ನು ಒಮ್ಮೆ ಸೀಳಿತು. ನನ್ನ ಹೆಬ್ಬೆರಳಿನ ನೇರಕ್ಕೆ, ಬಹಳ ಕೆಳಗೆ, ದೊಡ್ಡ ಮರಗಳ ನೆತ್ತಿಗಳು ಪಾಚಿಯಂತೆ ಕಂಡವು. ಕಂಬಳಿಯೊಳಗಿನಿಂದ ಒಂದು ಕೈ ಬಂದು ನನ್ನ ರಟ್ಟೆ ಹಿಡಿಯಿತು. ಅದು ಬಹಳ ಹೊತ್ತಿನಿಂದ ನನ್ನ ಹಿಂದೆಯೇ, ಹಿಡಿಯಲು ಸಿದ್ಧವಾಗಿ ಬರುತ್ತಿತ್ತೆಂದು ಆಮೇಲೆ ಹೊಳೆಯಿತು.

ಅದು ಬರ್ಕಣವಲ್ಲ, ಹೆಸರೇ ಇಲ್ಲದ ಯಾವುದೋ ಹಳ್ಳ. ಪಡುವಣದ ಅಂಚಿನಲ್ಲಿ ಅಂಥವು ಬೇಕಾದಷ್ಟಿವೆ.

ಬಂಡೆಯ ಬುಡದಲ್ಲಿ ಕುಳಿತೆವು. ನನ್ನ ಮೊಣಕಾಲುಗಳು ನಡುಗುತ್ತಿದ್ದವು. ಗೌಡರು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು, ಲೆಕ್ಕ ಹೇಳಿಕೊಡುವವರಂತೆ ಹೇಳಿದರು: "ಬೆಳಿಗ್ಗೆ ಬರ್ತಾ ಮಳೆ ಮುಖಕ್ಕಿತ್ತು. ಮನೆಗೆ ಹೋಗೋರಿಗೆ ಬೆನ್ನಿಗಿರ್ಬೇಕಲ್ಲ?"

"ಗೊತ್ತಿದ್ದೂ ಯಾಕೆ ಬಂದಿರಿ, ಗೌಡರೇ?"

"ಹೇಳ್ದೆ. ನೀವು ಕೇಳ್ಲಿಲ್ಲ. ಒಬ್ಬರನ್ನೇ ಬಿಡೋಕಾಗ್ತದಾ?"

ಇಳಿದದ್ದನ್ನೆಲ್ಲ ಮತ್ತೆ ಹತ್ತಿದೆವು. ಹುಲ್ಲಿನ ನೆತ್ತಿಗೆ ಬಂದು, ಮಳೆ ಎರಡು ಭುಜಗಳ ನಡುವೆ ಬಡಿಯುವಂತೆ ನಿಂತುಕೊಂಡೆವು. ನಿಂತ ಮೇಲೆ ಅದೇ ಮುಖವಾಗಿ ನಡೆದದ್ದು. ಮಂಜು ಕರಗಲಿಲ್ಲ, ಬೆಳಗಿನ ಜಾಡೂ ಸಿಗಲಿಲ್ಲ. ಮರಗಳ ಒಳಗೆ ಗಾಳಿ ಅಡಗಿದಾಗ ಗೌಡರು ನಿಂತು, ಬಯಲು ಸಿಕ್ಕುವವರೆಗೆ ಅಡ್ಡ ನಡೆದು, ಬೆನ್ನೊಡ್ಡಿ ಪರೀಕ್ಷಿಸಿ, ಮತ್ತೆ ಇಳಿಯುತ್ತಿದ್ದರು. ಇಂದು ಕೈಯಲ್ಲಿರುವ ಫೋನು ದಿಕ್ಕು ಹೇಳುತ್ತದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಈಗ ಆ ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ನನ್ನಂಥವರನ್ನು ತಡೆಯಲು ಅಂದೂ ಒಬ್ಬ ಕಾವಲುಗಾರ ಇರಬೇಕಿತ್ತು. ಕತ್ತಲಾಗುವ ಹೊತ್ತಿಗೆ ಅಡಕೆ ತೋಟವೊಂದರ ಬೇಲಿಗೆ ಬಂದು ಬಿದ್ದೆವು. ಗುಡಿಯ ಗಂಟೆ ಕೇಳಿಸಿತು. ಅಲ್ಲಿ ಯಾರು ಯಾವ ಮಳೆಗಾಗಿ ಬೇಡುತ್ತಿದ್ದರೋ.

ಮನೆಯಲ್ಲಿ ದೊಡ್ಡಮ್ಮ ಲಾಟೀನು ಹಿಡಿದು ಜಗಲಿಯಲ್ಲಿ ನಿಂತಿದ್ದರು. ಹುಡುಕಿ ಹೊರಡಲು ನೆರೆಮನೆಯ ಇಬ್ಬರು ಸೂಡಿ ಕಟ್ಟುತ್ತಿದ್ದರು. ಹಂಡೆಯ ಬಿಸಿನೀರು ಹೊಯ್ದುಕೊಂಡು, ಒಣಬಟ್ಟೆ ಸುತ್ತಿಕೊಂಡು, ಒಲೆಯ ಮುಂದೆ ಕುಳಿತೆವು. ಕಾಲಿನ ಗಾಯಗಳಿಗೆ ಸುಣ್ಣ ಹಚ್ಚುತ್ತ ದೊಡ್ಡಮ್ಮ ಗಂಡನನ್ನು ಬಯ್ಯತೊಡಗಿದರು: ಪರಸ್ಥಳದ ಹುಡುಗನನ್ನು ಕರೆದುಕೊಂಡು ಹೋಗಿ ಇಷ್ಟು ಹೊತ್ತು ಮಾಡುವುದೇ? ಈ ಕಾಡಿನಲ್ಲಿ ಹುಟ್ಟಿ ಬೆಳೆದವರಿಗೆ ದಾರಿ ತಪ್ಪುವುದೆಂದರೇನು? ನೆರೆಯವರೂ ನಕ್ಕರು.

ಗೌಡರು ಬೆಂಕಿಯನ್ನು ನೋಡುತ್ತಲೇ ಹೇಳಿದರು: "ವಯಸ್ಸಾಯ್ತು ಮಾರಾಯ್ತಿ. ಮಂಜು. ನಂಗೆ ದಿಕ್ಕು ತಪ್ಪೋಯ್ತು."

ನನ್ನ ಕೈಯಲ್ಲಿ ಬೆಲ್ಲದ ಕಾಫಿಯ ಲೋಟವಿತ್ತು. ಬಹಳ ಬಿಸಿಯಾಗಿತ್ತು. ಅದನ್ನು ಊದಿ ಊದಿ ಕುಡಿದೆ, ಏನೂ ಹೇಳಲಿಲ್ಲ.