ದೂರದ ದಾಳಿ, ಹತ್ತಿರದ ಲೆಕ್ಕ



ಯುದ್ಧವನ್ನು ಆಟವಾಗಿಸುವುದು ಹೊಸ ಸಂಗತಿಯಲ್ಲ. ಚದುರಂಗದಲ್ಲಿ ಆನೆ, ಕುದುರೆ, ಕಾಲಾಳುಗಳಿವೆ. ಹುಲಿ-ಕುರಿ ಆಟದಲ್ಲಿ ದುರ್ಬಲರಾದ ಹಲವರು ಬಲಶಾಲಿಗಳಾದ ಕೆಲವರನ್ನು ಸುತ್ತುಗಟ್ಟುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಪ್ರಷ್ಯದಲ್ಲಿ 1824ರ ಹೊತ್ತಿಗೆ ಸೇನಾಧಿಕಾರಿಗಳ ತರಬೇತಿಗೆ ನಕ್ಷೆ, ದಾಳಗಳ ಆಟ ಬಳಕೆಗೆ ಬಂತು. ಇಂದಿನ ಕಂಪ್ಯೂಟರ್ ಯುದ್ಧದಾಟಗಳು ಅದರ ಸಂತತಿ. 2009ರಲ್ಲಿ ಬಂದ ‘ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ನಲ್ಲಿ ಎರಡನೆಯ ಮಹಾಯುದ್ಧದ ಪೆಸಿಫಿಕ್ ರಂಗವನ್ನು ದಿನದ ಲೆಕ್ಕದಲ್ಲಿ ಆಡಬಹುದು. ಅದರ ನಕ್ಷೆಯಲ್ಲಿ ಭಾರತವೂ ಇದೆ.

1944ಕ್ಕೆ ತಲುಪಿದ ಆಟಗಾರನಿಗೆ ಎದುರಾಗುವ ದೊಡ್ಡ ಪ್ರಶ್ನೆ, ಬಾಂಬರ್ ವಿಮಾನಗಳ ನೆಲೆ ಎಲ್ಲಿರಬೇಕು ಎಂಬುದು. ಇದನ್ನು ಹಾಸನ ಜಿಲ್ಲೆಯ ನಕ್ಷೆಯಲ್ಲೇ ನೋಡಬಹುದು. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಮೂವತ್ತು-ನಲವತ್ತು ಕಿ.ಮೀ. ಆಸುಪಾಸಿನಲ್ಲಿವೆ. ಲಾರಿಗಳು ಹಾಸನದಿಂದ ಅರಕಲಗೂಡಿಗೆ ಸರಕು ಮುಟ್ಟಿಸಬೇಕು, ಆದರೆ ಹಾಸನದಲ್ಲಿ ಡೀಸೆಲ್ ಸಿಗದು ಎಂದುಕೊಳ್ಳಿ. ಡೀಸೆಲನ್ನು ಅವೇ ಲಾರಿಗಳು ಚನ್ನರಾಯಪಟ್ಟಣದಿಂದ ಹೊತ್ತು ತರಬೇಕು. ಹೋಗಿಬರುವುದಕ್ಕೇ ಬಹುಪಾಲು ಉರಿದು, ಹಾಸನದಲ್ಲಿ ಉಳಿಯುವುದು ಅಷ್ಟಿಷ್ಟು ಎಂದೂ ಇಟ್ಟುಕೊಳ್ಳಿ. ಅರಕಲಗೂಡಿಗೆ ಒಂದು ಸಲ ಹೋಗಲು ಚನ್ನರಾಯಪಟ್ಟಣಕ್ಕೆ ಹಲವು ಸಲ ಓಡಾಡಬೇಕು. ಅದರ ಬದಲು ಡೀಸೆಲ್ ರೈಲಿನಲ್ಲಿ ನೇರವಾಗಿ ಹೊಳೆನರಸೀಪುರಕ್ಕೆ ಬಂದಿಳಿದರೆ? ಲಾರಿಗಳು ಅಲ್ಲಿಂದಲೇ ಹೊರಡಬಹುದು, ಲೆಕ್ಕವೆಲ್ಲ ಬದಲಾಗುತ್ತದೆ.

ನಡೆದದ್ದೂ ಹೀಗೆಯೇ. ಅಮೆರಿಕದ ಬಿ-29 ವಿಮಾನಗಳ ಹಿಂದಿನ ನೆಲೆ ಬಂಗಾಳದ ಖರಗ್‌ಪುರದ ಸುತ್ತ ಇತ್ತು; ಮುಂದಿನ ನೆಲೆ ಹಿಮಾಲಯದಾಚೆ, ಚೀನಾದ ಚೆಂಗ್ಡು ಬಳಿ. ಪೆಟ್ರೋಲು, ಬಾಂಬುಗಳೆಲ್ಲ ಪರ್ವತ ದಾಟಿ ವಿಮಾನದಲ್ಲೇ ಹೋಗಬೇಕಿತ್ತು. 1944ರ ಜೂನ್ 15ರ ರಾತ್ರಿ ಜಪಾನಿನ ಯವಾಟಾ ಉಕ್ಕಿನ ಕಾರ್ಖಾನೆಯ ಮೇಲೆ ದಾಳಿ ನಡೆಯಿತು. ಸುಮಾರು 47 ವಿಮಾನಗಳು ಬಾಂಬು ಹಾಕಿದರೂ ಕಾರ್ಖಾನೆಗಾದ ಹಾನಿ ಅತ್ಯಲ್ಪ. ಅದೇ ಬೇಸಿಗೆಯಲ್ಲಿ ಸೈಪಾನ್, ಟಿನಿಯನ್, ಗುವಾಮ್ ದ್ವೀಪಗಳು ಅಮೆರಿಕದ ವಶವಾದವು. ಹಡಗುಗಳು ಅಲ್ಲಿಗೆ ನೇರವಾಗಿ ಸಾಮಗ್ರಿ ತರಬಲ್ಲವಾಗಿದ್ದವು. 1944ರ ನವೆಂಬರ್ 24ರಂದು ಆ ದ್ವೀಪಗಳಿಂದ ಟೋಕಿಯೋ ಮೇಲೆ ದಾಳಿ ಆರಂಭವಾಯಿತು. 1945ರ ಜನವರಿಯಲ್ಲಿ ಚೀನಾದ ನೆಲೆಗಳನ್ನು ಬಿಡಲಾಯಿತು.

ವಿಮಾನ ಹಾರಬೇಕಾದರೆ ದುರಸ್ತಿಯೂ ಆಗಬೇಕಲ್ಲವೆ? ಈ ಭಾಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಯಿತು. ಭಾರತ-ಬರ್ಮಾ ರಂಗದ ವಿಮಾನಗಳೂ ಎಂಜಿನ್‌ಗಳೂ ಅಲ್ಲಿ ದುರಸ್ತಿಯಾಗಿ ಮರಳುತ್ತಿದ್ದವು. ಆ ಕೈಚಳಕ ಯುದ್ಧದೊಡನೆ ಮುಗಿಯಲಿಲ್ಲ. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇದೇ ಕಾರ್ಖಾನೆಯವರು ಸರಿಪಡಿಸಿ ಸ್ವತಂತ್ರ ಭಾರತದ ವಾಯುಪಡೆಗೆ ಕೊಟ್ಟರು. ಅವು 1968ರವರೆಗೂ ಸೇವೆಯಲ್ಲಿದ್ದವು.

ನೆಲೆ ಸಿಕ್ಕಮೇಲೆ ಮುಂದಿನ ಪ್ರಶ್ನೆ, ಗುರಿ ಯಾವುದು? ಎತ್ತರದಿಂದ ಕಾರ್ಖಾನೆಗಳಿಗೆ ಗುರಿಯಿಟ್ಟರೆ ಜಪಾನಿನ ಮೇಲಿನ ಬಿರುಗಾಳಿಯಲ್ಲಿ, ಮೋಡದಲ್ಲಿ ಬಾಂಬು ಎಲ್ಲೋ ಬೀಳುತ್ತಿತ್ತು. ಜನರಲ್ ಕರ್ಟಿಸ್ ಲಿಮೇ 1945ರ ಮಾರ್ಚ್ 9ರ ರಾತ್ರಿ ವಿಮಾನಗಳನ್ನು ಕೆಳಮಟ್ಟದಲ್ಲಿ ಕಳುಹಿಸಿ, ಮರದ ಮನೆಗಳು ಒತ್ತೊತ್ತಾಗಿದ್ದ ಟೋಕಿಯೋ ಮೇಲೆ ಬೆಂಕಿ ಬಾಂಬು ಸುರಿಸಿದ. ಒಂದೇ ರಾತ್ರಿ ಸುಮಾರು 1 ಲಕ್ಷ ಜನ ಸತ್ತರೆಂಬುದು ಸಾಮಾನ್ಯ ಅಂದಾಜು. ಅದೇ ತಿಂಗಳ 27ರಿಂದ ಇನ್ನೊಂದು ಕೆಲಸವೂ ನಡೆಯಿತು. ವಿಮಾನಗಳ ಒಂದು ಸಣ್ಣ ಪಾಲು ಜಪಾನಿನ ಬಂದರು, ಜಲಸಂಧಿಗಳಲ್ಲಿ ಸುಮಾರು 12,000 ಸಿಡಿಗುಂಡಿಗೆಗಳನ್ನು ಹಾಕಿತು. 600ಕ್ಕೂ ಹೆಚ್ಚು ಹಡಗುಗಳು ಮುಳುಗಿದವು ಇಲ್ಲವೆ ಜಖಂಗೊಂಡವು. ಅನ್ನ, ಎಣ್ಣೆ, ಅದಿರು ಎಲ್ಲಕ್ಕೂ ಸಮುದ್ರವನ್ನೇ ನಂಬಿದ ದೇಶದ ಉಸಿರು ಕಟ್ಟಿತು. ಇದೂ ಕರುಣೆಯ ದಾರಿಯಲ್ಲ. ಅದಕ್ಕೆ ಇಟ್ಟ ಹೆಸರೇ ‘ಉಪವಾಸ ಕಾರ್ಯಾಚರಣೆ’.

ಆಟದಿಂದ ಕಲಿಯುವುದು ಆಡುವವನ ಪ್ರಾಮಾಣಿಕತೆಗೆ ಬಿಟ್ಟದ್ದು. 1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಪಡೆ ಮಿಡ್‌ವೇ ದಾಳಿಯನ್ನು ಮೊದಲು ಆಟವಾಗಿ ಆಡಿ ನೋಡಿತು. ದಾಳದ ಪ್ರಕಾರ ತಮ್ಮ ಎರಡು ವಿಮಾನವಾಹಕ ಹಡಗುಗಳು ಮುಳುಗಿದಾಗ ಅಡ್ಮಿರಲ್ ಉಗಾಕಿ ಆ ತೀರ್ಪನ್ನೇ ತಿದ್ದಿಸಿದ. ಜೂನ್‌ನಲ್ಲಿ ನಿಜವಾದ ಕದನದಲ್ಲಿ ಅಂಥ ನಾಲ್ಕು ಹಡಗುಗಳು ಮುಳುಗಿದವು.

ದಾಳವನ್ನು ನಂಬಿದರಷ್ಟೇ ಸಾಲದು. ದಾಳ ಹೇಳದ್ದನ್ನೂ ತಿಳಿದಿರಬೇಕು. ಆಟದಲ್ಲಿ ಪೆಟ್ರೋಲಿಗೆ, ಪೈಲಟ್ಟನ ದಣಿವಿಗೆ ಅಂಕೆ ಇದೆ. ಬಿ-29ಗಳಿಗಾಗಿ ರನ್‌ವೇ ಹಾಸಿದ ಬಂಗಾಳದಲ್ಲಿ 1943ರಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು. ಆ ಹಸಿವಿಗೆ, ಬೆಂಕಿಯಲ್ಲಿ ಬೆಂದ ಟೋಕಿಯೋದ ಮನೆಮಂದಿಗೆ ಅಂಕೆ ಇಲ್ಲ. ಸುಟ್ಟ ನಗರವೆಂದರೆ ಆಟಗಾರನಿಗೆ ಬರುವ ಅಂಕ ಮಾತ್ರ. ಪರದೆಯ ಮುಂದೆ ಕುಳಿತ ಹುಡುಗ ಆ ಅಂಕದ ಹಿಂದೆ ಎಷ್ಟು ಮನೆಗಳಿದ್ದವೆಂದು ಒಮ್ಮೆ ಕೇಳಿಕೊಂಡರೆ, ಅವನು ಆಟವನ್ನಷ್ಟೇ ಅಲ್ಲ, ಚರಿತ್ರೆಯನ್ನೂ ಓದಿದಂತೆ.