ಮೈಕು ತೆರೆದಿದ್ದಾಗ ಕೇಳಿಸಿದ್ದು

(ಹಟ್ಟಿಯಂಗಡಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ಮಾತನಾಡಲು ಕರೆದಾಗ ‘ನನಗೇನು ಗೊತ್ತು, ನಾನು ಬರೀ ಮಕ್ಕಳಿಗೆ ಕಲಿಸುವವಳು’ ಎಂದಿದ್ದೆ. ಆದರೆ ಐವತ್ತು ದಾಟಿದ ಮೇಲೆ ನಾನೇ ಕಲಿತ ಒಂದು ಪಾಠವನ್ನು ನಿಮ್ಮೆದುರು ಹೇಳಬೇಕೆನಿಸಿತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಮೊಬೈಲಿನಲ್ಲಿ ಪಾಠ ಮಾಡಬೇಕಾಯಿತು. ಅಲ್ಲಿಯವರೆಗೆ ನನ್ನ ಮೊಬೈಲ್ ಇದ್ದದ್ದು ಮಾತನಾಡಲು ಮಾತ್ರ. ವಾಟ್ಸಪ್ ಗುಂಪು ಮಾಡುವುದು, ಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ಪಾಠ ತೆರೆಯುವುದು, ಗೂಗಲ್ ಮೀಟ್ ಇವನ್ನೆಲ್ಲ ಮಗಳಿಂದ ಕಲಿತೆ. ಒಂದನ್ನೇ ಹತ್ತು ಸಲ ಕೇಳಲು ನಾಚಿಕೆಯಾಗುತ್ತಿತ್ತು.

ಪಾಠ ಶುರುವಾದಾಗ ಕಂಡದ್ದೇನು? ಹಲವು ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲ್, ಅದೂ ಗಂಡಸಿನ ಕಿಸೆಯಲ್ಲಿ. ‘ಮೊಬೈಲ್ ಅವ್ರ್ ಕೈಯಂಗ್ ಇತ್ತ್ ಟೀಚರೆ, ಕೇಂಡ್ರೆ ಬೈತ್ರ್’ ಎಂದ ತಾಯಂದಿರಿದ್ದರು. ಇಬ್ಬರು ಮಕ್ಕಳಿದ್ದರೆ ಮೊದಲು ಮಗನಿಗೆ, ಉಳಿದರೆ ಮಗಳಿಗೆ.

ಒಂದು ದಿನ ಲೆಕ್ಕ ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗಿಯ ಮೈಕು ತೆರೆದೇ ಇತ್ತು. ತವರಿನ ಬಾಕಿ ಹಣದ ಮಾತು, ಬೈಗುಳ, ಹೊಡೆತದ ಸದ್ದು, ತಾಯಿಯ ಅಳು. ತರಗತಿಯ ಮಕ್ಕಳೆಲ್ಲ ಕೇಳಿದರು. ನಾನೇನು ಮಾಡಿದೆ? ಆ ಮಗುವಿನ ಮೈಕು ಬಂದ್ ಮಾಡಿ ಲೆಕ್ಕ ಮುಂದುವರಿಸಿದೆ. ಹೊಸದಾಗಿ ಕಲಿತ ವಿದ್ಯೆ ಉಪಯೋಗಕ್ಕೆ ಬಂದದ್ದು ಹೀಗೆ! ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕಪಕ್ಕದವರೂ ನೆಂಟರೂ ಇಷ್ಟು ವರ್ಷ ಮಾಡುತ್ತ ಬಂದದ್ದು ಇದನ್ನೇ ಅಲ್ಲವೆ? ಕೇಳಿಸದ ಹಾಗೆ ಇರುವುದು.

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಕ್ರಮ. ಆ ನೆಪದಲ್ಲಿ ಅವರ ಮನೆಗೆ ಹೋದೆ. ‘ಯಾರಿಗೂ ಹೇಳ್ಬೇಡಿ ಟೀಚರೆ, ಮರ್ಯಾದಿ ಹೋತ್ತ್’ ಎಂದಳು ಆ ತಾಯಿ. ‘ಹೊಡೆದವನ ಮರ್ಯಾದೆ ಹೋಗಬೇಕು, ನಿನ್ನದಲ್ಲ’ ಎಂದೆ. ಒಂದೇ ದಿನದಲ್ಲಿ ಧೈರ್ಯ ಬರಲಿಲ್ಲ. ತಿಂಗಳುಗಳು ಹೋದವು. ಕೊನೆಗೆ ಅವಳ ಸಂಘದ ಇಬ್ಬರು ಜೊತೆಗೆ ನಿಂತಾಗ ದೂರು ಕೊಟ್ಟಳು. ಇಂದು ಅದೇ ಮನೆಯಲ್ಲಿದ್ದಾಳೆ, ಹೊಡೆತ ನಿಂತಿದೆ. ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳಲಾರೆ.

ನೀವು ತಿಳಿದಿರಬೇಕಾದ ನಾಲ್ಕು ಮಾತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ವರದಕ್ಷಿಣೆಯ ಕಾಟ, ನಿಮ್ಮ ದುಡಿಮೆಯ ಹಣ ಅಥವಾ ಸ್ತ್ರೀಧನ ಕಿತ್ತುಕೊಳ್ಳುವುದೂ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ದೂರು ಬರೆಸಿಕೊಳ್ಳಲು ಸಂರಕ್ಷಣಾಧಿಕಾರಿ ಇದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಆ ಹೊಣೆಯಿದೆ. ಹಳೆಯ 498ಎ ಕಲಮಿನ ಕ್ರೌರ್ಯದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಕೂಡಲೇ ನೆರವಿಗೆ 181, ಪೊಲೀಸರಿಗೆ 112.

ಸೋದರಿಯರೆ, ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಮೊಬೈಲ್ ಕಲಿಯಿರಿ. ನಿಮ್ಮದೇ ಸಿಮ್, ನಿಮ್ಮದೇ ಗುಟ್ಟಿನ ಅಂಕೆ ಇರಲಿ. ಬೆದರಿಕೆಯ ಸಂದೇಶ ಬಂದರೆ ಅಳಿಸಬೇಡಿ, ನಂಬಿಕೆಯ ಗೆಳತಿಗೂ ಕಳಿಸಿಡಿ. ಬಾರದಿದ್ದರೆ ಮಗಳನ್ನು ಕೇಳಿ, ಹತ್ತು ಸಲ ಕೇಳಿ. ನಾನೂ ಹಾಗೇ ಕಲಿತವಳು.

ಪಕ್ಕದ ಮನೆಯ ಅಳು ಕೇಳಿದರೆ ಮಾತ್ರ ನಾನು ಅಂದು ಮಾಡಿದ ಹಾಗೆ ಮಾಡಬೇಡಿ. ಹೋಗಿ ಬಾಗಿಲು ತಟ್ಟಿ. ಒಬ್ಬಳೇ ಹೋಗಬೇಡಿ, ಸಂಘವಾಗಿ ಹೋಗಿ.